ಕೂಲಿಯ ದಿನ ತಪ್ಪಿದರೆ



ದಿನಗೂಲಿಯನ್ನು ಹೊತ್ತು ಮುಣುಗುವದಕ್ಕೆ ಮುಂಚೆ ಕೊಡತಕ್ಕದ್ದೆಂಬ ವಿಧಿಯನ್ನು ನಾವು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಅಲ್ಲಿ ಹೇಳಿರುವ ಕಾರಣವು ಕೂಲಿಯವನ ಬಡತನವೇ. ಕೈಕೆಲಸ ಬಲ್ಲವನಿಗೆ ಈ ಕಷ್ಟ ತಟ್ಟದೆಂದು ಕೆಲವರು ಎಣಿಸುವರು. ಅದು ಸರಿಯಲ್ಲ.

ನಮ್ಮ ತಾಯಲೂರು ಇರುವ ಜಿಲ್ಲೆಯಲ್ಲಿಯೇ, ಕೋಲಾರದ ಬಳಿಯ ನರಸಾಪುರದಲ್ಲಿ, ತೈವಾನ್ ದೇಶದ ವಿಸ್ಟ್ರಾನ್ ಎಂಬ ಕಂಪೆನಿಯು ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡಿಸುತ್ತಿತ್ತು. ಅಲ್ಲಿ ದುಡಿದವರಲ್ಲಿ ಐಟಿಐ, ಡಿಪ್ಲೊಮಾ ಓದಿದ ಯೌವನಸ್ಥರು ಅನೇಕರು. ಬಹು ಮಂದಿಯನ್ನು ಗುತ್ತಿಗೆದಾರರ ಮೂಲಕವೇ ತೆಗೆದುಕೊಂಡಿದ್ದರು. 2020ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದುಡಿದ ಗಂಟೆಗಳ ಲೆಕ್ಕ ಕೆಟ್ಟು, ಕೆಲವರಿಗೆ ಸಂಬಳ ತಡವಾಯಿತು, ಕೆಲವರಿಗೆ ಕಡಿಮೆ ಬಂತು. ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿದವರ ಸಿಟ್ಟು ಕಟ್ಟೊಡೆಯಿತು. ಗಾಜುಗಳೂ ವಾಹನಗಳೂ ಯಂತ್ರಗಳೂ ಪುಡಿಯಾದವು; ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ವಾರದೊಳಗೆ ಕಂಪೆನಿಯೇ ಸಂಬಳದ ತಪ್ಪನ್ನು ಒಪ್ಪಿ ಕ್ಷಮೆ ಬೇಡಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಒಡೆದು ಹಾಳುಮಾಡಿದ್ದನ್ನು ನಾವು ಮೆಚ್ಚುವದಿಲ್ಲ. ಆದರೂ ಸೆರೆಗೆ ಹೋದವನ ಮನೆಯವರಿಗೆ ಆ ಕ್ಷಮೆಯಿಂದ ಏನು ದೊರೆಯಿತೆಂದು ಕೇಳದೆ ಇರಲಾರೆವು. (ಆ ಕಾರ್ಖಾನೆಯು 2023ರಲ್ಲಿ ಟಾಟಾ ಸಂಸ್ಥೆಯವರ ಕೈಸೇರಿತು.)

ಪೂರ್ವದಲ್ಲಿ ಅಮೆರಿಕದ ಬಡಗಿಗಳೂ ಗಾರೆಯವರೂ ಇದೇ ಕಷ್ಟವನ್ನು ಉಂಡವರು. ವಾಷಿಂಗ್ಟನ್ ಪಟ್ಟಣವನ್ನು ಕಟ್ಟಿಸಬೇಕಾದಾಗ ಮೇರಿಲ್ಯಾಂಡ್ ಸಂಸ್ಥಾನವು 1791ರಲ್ಲಿ, ಹಣ ಸಲ್ಲುವ ತನಕ ಕಟ್ಟಿದವನಿಗೆ ಆ ಕಟ್ಟಡದ ಮೇಲೆಯೇ ಹಕ್ಕನ್ನು ಕೊಟ್ಟಿತು. ಫೋನು ಜೋಡಿಸುವವನಿಗೆ ಅಂಥ ಹಿಡಿತವೆಲ್ಲಿ? ಅವನ ಕೈಯಿಂದಾದದ್ದು ಲಾರಿ ಹತ್ತಿ ಹೋಗಿಬಿಡುವದು. ಅವನಿಗೆ ಕಾನೂನೊಂದೇ ಆಸರೆ.

ಆಗ ಜಾರಿಯಲ್ಲಿದ್ದ 1936ರ ಕಾಯಿದೆಯು ದೊಡ್ಡ ಕಾರ್ಖಾನೆಗಳಿಗೆ ಮುಂದಿನ ತಿಂಗಳ 10ನೆಯ ದಿನದ ವರೆಗೆ ಅವಕಾಶ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಳದಲ್ಲಿ ವೇತನ ಸಂಹಿತೆಯು ನಡೆಯುತ್ತದೆ. ಅದರಂತೆ ತಿಂಗಳ ಸಂಬಳವು 7ನೆಯ ದಿನದೊಳಗೆ ಸಲ್ಲಬೇಕು. ಕೆಲಸದಿಂದ ತೆಗೆದರೂ ತಾನೇ ಬಿಟ್ಟರೂ 2 ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕು. ಗುತ್ತಿಗೆದಾರನು ಕೊಡದೆ ಹೋದರೆ ಕಾರ್ಖಾನೆಯ ಒಡೆಯರೇ ಹೊಣೆ. ಬಾಕಿಯನ್ನು ಕೇಳುವದಕ್ಕೆ 3 ವರುಷಗಳ ಕಾಲವುಂಟು.

ಆದದರಿಂದ ನಿಮ್ಮ ಮಕ್ಕಳು ಕಾರ್ಖಾನೆಗೆ ಹೋಗುವವರಾದರೆ, ತಿಂಗಳು ತಿಂಗಳೂ ಸಂಬಳದ ಚೀಟಿಯನ್ನು ಕೇಳಿ ಪಡೆಯಲಿ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ನರಸಾಪುರದಲ್ಲಿ ಕೆಟ್ಟದ್ದು ಗಂಟೆಗಳ ಲೆಕ್ಕವೇ ಎಂಬದನ್ನು ಮರೆಯಬೇಡಿರಿ. ಸಂಬಳ ನಿಂತರೆ ಆ ಪುಸ್ತಕವನ್ನೂ ಚೀಟಿಗಳನ್ನೂ ತೆಗೆದುಕೊಂಡು, ನಾಲ್ಕು ಮಂದಿ ಜೊತೆಗೂಡಿ, ಕೋಲಾರದ ಕಾರ್ಮಿಕ ಇಲಾಖೆಯ ಕಛೇರಿಗೆ ಬರಹದಲ್ಲಿ ಅರ್ಜಿ ಕೊಡಲಿ.