ಶಿವಪುರದಿಂದ ದೆಹಲಿ, ದುಬೈ: ಹಾರಾಟದ ಹೊತ್ತನ್ನು ಲೆಕ್ಕ ಹಾಕುವುದು ಹೇಗೆ?

ಮದ್ದೂರಿನ ಶಿವಪುರದಿಂದ ದೆಹಲಿಗೆ ಹೊರಟವರಿಗೆ ವಿಮಾನದೊಳಗೆ ಕಳೆಯುವ ಹೊತ್ತಿಗಿಂತ ವಿಮಾನ ಹತ್ತುವವರೆಗಿನ ಹೊತ್ತೇ ಹೆಚ್ಚು. ಟಿಕೆಟಿನಲ್ಲಿರುವ ಸಮಯವನ್ನಷ್ಟೇ ನಂಬಿ ಹೊರಟರೆ ಕೌಂಟರ್ ಮುಚ್ಚಿರುತ್ತದೆ. ಲೆಕ್ಕ ಕಷ್ಟದ್ದಲ್ಲ, ಮನೆಯಲ್ಲೇ ಹಾಕಿಕೊಳ್ಳಬಹುದು.

ಮೊದಲು ದೂರ. ನಾವು ವಿಮಾನ ಹತ್ತುವ ಬೆಂಗಳೂರು ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6ರಲ್ಲಿ. ಎರಡರ ರೇಖಾಂಶವೂ ಹೆಚ್ಚುಕಡಿಮೆ 77 ಡಿಗ್ರಿಯ ಆಸುಪಾಸು, ಅಂದರೆ ದೆಹಲಿ ನೇರ ಉತ್ತರಕ್ಕಿದೆ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ವ್ಯತ್ಯಾಸ 15.4 ಡಿಗ್ರಿ, ಗುಣಿಸಿದರೆ ಸುಮಾರು 1,700 ಕಿ.ಮೀ.

ಬೇರೆ ದಿಕ್ಕಿನ ಊರುಗಳಿಗೆ ಈ ಸುಲಭ ಗುಣಾಕಾರ ಒಗ್ಗದು. ಆಗ ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಸಮಭಾಜಕ ವೃತ್ತದ ಸುತ್ತಳತೆ 40,000 ಕಿ.ಮೀ.; ಅದನ್ನೂ ದಾರದಲ್ಲೇ ಅಳೆದು ಹೋಲಿಸಿದರೆ ದೂರ ಸಿಗುತ್ತದೆ. ಗೋಡೆಯ ಭೂಪಟದಲ್ಲಿ ಮಾತ್ರ ಅಳೆಯಬೇಡಿ, ಅದು ದಾರಿ ತಪ್ಪಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಹಾರಿದ್ದು ಉತ್ತರ ಧ್ರುವದ ಮೇಲಿಂದ. ಸುಮಾರು 14,000 ಕಿ.ಮೀ. ದೂರಕ್ಕೆ ಅದೇ ಹತ್ತಿರದ ದಾರಿ. ಭೂಪಟ ನೋಡಿದವರು ಇದನ್ನು ಊಹಿಸಲಾರರು.

ಈಗ ಸಮಯ. ದೂರವನ್ನು ಜೆಟ್ ವಿಮಾನದ ವೇಗದಿಂದ, ಅಂದರೆ ಗಂಟೆಗೆ ಸುಮಾರು 800 ಕಿ.ಮೀ.ಯಿಂದ ಭಾಗಿಸಿ, ರನ್‌ವೇಗೆ ಸಾಗಲು, ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿ. ದೆಹಲಿಗೆ ಎರಡೂವರೆ ಗಂಟೆಯ ಮೇಲೆ ಬರುತ್ತದೆ. ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡೂ ಮುಕ್ಕಾಲು ಇರುತ್ತದೆ. ದುಬೈ ಸುಮಾರು 2,700 ಕಿ.ಮೀ., ಹೆಚ್ಚುಕಡಿಮೆ ನಾಲ್ಕು ಗಂಟೆ. ಮರಳುವಾಗ ಪಶ್ಚಿಮದ ಮೇಲ್ಗಾಳಿ ಹಿಂದಿನಿಂದ ತಳ್ಳುವುದರಿಂದ ಕಡಿಮೆ ಸಾಕು. ಟಿಕೆಟಿನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ಸಮಯ ಎಂಬುದನ್ನು ಮರೆಯಬೇಡಿ. ಇಲ್ಲಿ ಬೆಳಿಗ್ಗೆ 10ಕ್ಕೆ ಹೊರಟು ದುಬೈಯಲ್ಲಿ ಮಧ್ಯಾಹ್ನ 12.30ಕ್ಕೆ ಇಳಿದರೆ ಅದು ಎರಡೂವರೆ ಗಂಟೆಯ ಹಾರಾಟವಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಅದನ್ನು ಕೂಡಿಸಿ.

ಇನ್ನು ನೆಲದ ಲೆಕ್ಕ. ಶಿವಪುರದ ಸತ್ಯಾಗ್ರಹ ಸೌಧದಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 115 ಕಿ.ಮೀ. ಹೆದ್ದಾರಿ ಬೆಂಗಳೂರಿನವರೆಗೆ ಬೇಗ ಮುಟ್ಟಿಸಿದರೂ ಊರೊಳಗಿನ ದಟ್ಟಣೆಯನ್ನು ನಂಬುವಂತಿಲ್ಲ, ಮೂರು ಗಂಟೆ ಇಟ್ಟುಕೊಳ್ಳಿ. ದೇಶದೊಳಗಿನ ಪ್ರಯಾಣವಾದರೆ ನಿಲ್ದಾಣದಲ್ಲಿ ಎರಡು ಗಂಟೆ ಮೊದಲು, ವಿದೇಶಕ್ಕಾದರೆ ಮೂರು ಗಂಟೆ ಮೊದಲು ಇರಬೇಕು. ಅಂದರೆ ಬೆಳಿಗ್ಗೆ 10ರ ದೆಹಲಿ ವಿಮಾನಕ್ಕೆ ಐದಕ್ಕೇ ಮನೆ ಬಿಡಬೇಕು, ದುಬೈಗಾದರೆ ನಾಲ್ಕಕ್ಕೆ. ಕಾರಿಲ್ಲದವರು ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ಹಿಡಿಯಬಹುದು. ಆಗ ಇನ್ನೂ ಒಂದು ಗಂಟೆ ಕೂಡಿಸಿ. ಟರ್ಮಿನಲ್ 1 ಅಥವಾ 2 ಎಂಬುದನ್ನು ಹಿಂದಿನ ರಾತ್ರಿಯೇ ಟಿಕೆಟಿನಲ್ಲಿ ನೋಡಿಕೊಳ್ಳಿ.

ಮೈಸೂರಿನ ಮಂಡಕಳ್ಳಿ ನಿಲ್ದಾಣ ನಮಗೆ ಹತ್ತಿರ. ಆದರೆ ಅಲ್ಲಿನ 1,740 ಮೀಟರ್ ರನ್‌ವೇ ದೊಡ್ಡ ಜೆಟ್‌ಗಳಿಗೆ ಸಾಲದು, ಬರುವುದು ಎಟಿಆರ್‌ನಂಥ ಸಣ್ಣ ವಿಮಾನ. ಅದರ ವೇಗ ಕಡಿಮೆ, 800ರ ಬದಲು 450ರಿಂದ ಭಾಗಿಸಿ. ಬುಕ್ ಮಾಡುವ ಮೊದಲು ನಿಮ್ಮ ದಿನಕ್ಕೆ ಅಲ್ಲಿಂದ ವಿಮಾನ ಇದೆಯೇ ಎಂದು ವಿಚಾರಿಸಿ.