ಗುಲಾಮಗಿರಿಯ ಋಣ: ವಿಶ್ವವಿದ್ಯಾಲಯ ಮತ್ತು ಶಸ್ತ್ರಚಿಕಿತ್ಸೆ

1838ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಜೆಸ್ವಿಟ್ ಪಾದ್ರಿಗಳು 272 ಗುಲಾಮರನ್ನು ಲೂಯಿಸಿಯಾನಾಕ್ಕೆ ಮಾರಿದರು. ಆ ಹಣದ ಒಂದು ಪಾಲು ಇಂದಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಾಲ ತೀರಿಸಿತು. ಗುಲಾಮಗಿರಿಯೊಡನೆ ತಮಗಿದ್ದ ಇಂಥ ನಂಟನ್ನು ತಾವೇ ಕೆದಕಿ ನೋಡಿದ ಸಂಸ್ಥೆಗಳಲ್ಲಿ ಬ್ರೌನ್ ವಿಶ್ವವಿದ್ಯಾಲಯ ಮುಂಚೂಣಿಯದು (ಸಮಿತಿ 2003, ವರದಿ 2006, ಆಗಿನ ಅಧ್ಯಕ್ಷೆ ರೂತ್ ಸಿಮ್ಮನ್ಸ್). ಹಾರ್ವರ್ಡ್ ವರದಿ 2022ರದು. ಅದರ ಶಿಫಾರಸುಗಳ ಜಾರಿಗೆ ಮೀಸಲಿಟ್ಟ ಮೊತ್ತ 10 ಕೋಟಿ ಡಾಲರ್. ಈ ವಿಷಯದ ಮುಖ್ಯ ಕೃತಿ ಕ್ರೇಗ್ ಸ್ಟೀವನ್ ವೈಲ್ಡರ್ ಅವರ ‘ಎಬೊನಿ ಆ್ಯಂಡ್ ಐವಿ’ (2013).

ಗುಲಾಮಗಿರಿಯ ಋಣ ಹೊತ್ತ ಮೂತ್ರರೋಗ ಚಿಕಿತ್ಸೆಯ ಚರಿತ್ರೆ ಇನ್ನೂ ಕರುಳು ಹಿಂಡುವಂಥದ್ದು. ಹೆರಿಗೆ ದಿನಗಟ್ಟಲೆ ತಡೆದು ನಿಂತರೆ ಮೂತ್ರಕೋಶ ಮತ್ತು ಯೋನಿಯ ನಡುವೆ ರಂಧ್ರವಾಗಿ ಮೂತ್ರ ಹಗಲೂ ರಾತ್ರಿ ಸೋರುತ್ತದೆ, ಇದೇ ಫಿಸ್ಟುಲಾ. 1845–49ರಲ್ಲಿ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ವೈದ್ಯ ಜೆ. ಮೇರಿಯನ್ ಸಿಮ್ಸ್ ಇದಕ್ಕೆ ಶಸ್ತ್ರಚಿಕಿತ್ಸೆ ರೂಪಿಸಿದ್ದು ಗುಲಾಮ ಹೆಂಗಸರ ಮೈಮೇಲೆ: ಅನಾರ್ಕಾ, ಬೆಟ್ಸಿ, ಲೂಸಿ. ಅರಿವಳಿಕೆ ಕೊಡಲಿಲ್ಲ. ಅರಿವಳಿಕೆಯಾಗಿ ಈಥರ್ ಬಳಕೆ 1846ರಲ್ಲೇ ಬಹಿರಂಗವಾಗಿ ತೋರಿಸಲ್ಪಟ್ಟಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಅನಾರ್ಕಾಳಿಗೆ ಸುಮಾರು 30 ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. ಕೊನೆಗೆ ಬೆಳ್ಳಿ ತಂತಿಯ ಹೊಲಿಗೆ ಫಲಿಸಿತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ತೆಗೆಯಲಾಯಿತು. 2021ರಲ್ಲಿ ಮಾಂಟ್ಗೊಮೆರಿಯಲ್ಲಿ ಆ ಮೂವರು ಹೆಂಗಸರ ಪ್ರತಿಮೆಗಳು ಎದ್ದು ನಿಂತವು.