ನೇಗಿಲು ಕಾಣದ ಕಾಯಿಪಲ್ಲೆಯ ತೋಟ

ಕಾಯಿಪಲ್ಲೆ ಬೆಳೆಯುವವರ ದುಡಿಮೆಯಲ್ಲಿ ದೊಡ್ಡ ಪಾಲು ಬಿತ್ತುವುದಕ್ಕಾಗಲಿ ಕೊಯ್ಯುವುದಕ್ಕಾಗಲಿ ಸಲ್ಲುವುದಲ್ಲ. ನೆಲವನ್ನು ಅಗೆಯುವುದರಲ್ಲಿ, ಕಳೆ ಕೀಳುವುದರಲ್ಲಿ, ನೀರು ಹೊರುವುದರಲ್ಲಿ ಅದು ತೀರಿಹೋಗುತ್ತದೆ. ಇಪ್ಪತ್ತರ ಹರೆಯದಲ್ಲಿ ಇದು ಲೆಕ್ಕಕ್ಕೆ ಬಾರದು. ಅರುವತ್ತರ ಹೊಸ್ತಿಲಲ್ಲಿ ನಿಂತವರಿಗಾದರೋ ಬಗ್ಗಿ ಏಳುವ ಒಂದೊಂದು ಸಲವೂ ಲೆಕ್ಕವೇ. ಆಗ ತೋಟವನ್ನೇ ಕೈಬಿಡಬೇಕೆ, ಇಲ್ಲವೆ ಈ ಮೂರು ಕೆಲಸಗಳನ್ನು ಬೇರೆ ಯಾವುದಕ್ಕಾದರೂ ವಹಿಸಿಕೊಡಬಹುದೆ? ಅಮೆರಿಕದ ಒಬ್ಬ ಮಹಿಳೆ ಅವುಗಳನ್ನು ಒಣಹುಲ್ಲಿಗೆ ವಹಿಸಿದಳು.

ಆಕೆಯ ಹೆಸರು ರೂತ್ ಸ್ಟೌಟ್. ಹುಟ್ಟಿದ್ದು 1884ರಲ್ಲಿ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ರೆಕ್ಸ್ ಸ್ಟೌಟ್ ಆಕೆಯ ತಮ್ಮ. ನ್ಯೂಯಾರ್ಕಿನಲ್ಲಿದ್ದ ಆಕೆ 1930ರಲ್ಲಿ ಗಂಡನೊಡನೆ ಕನೆಕ್ಟಿಕಟ್ ಸಂಸ್ಥಾನದ ರೆಡಿಂಗ್ ಎಂಬಲ್ಲಿಯ ಹೊಲಮನೆಗೆ ಬಂದು ನೆಲೆಸಿದಳು. ಮೊದಲ 14 ವರ್ಷ ಎಲ್ಲರಂತೆಯೇ ತೋಟ ಮಾಡಿದಳು: ವಸಂತ ಬಂದೊಡನೆ ಯಾರಾದರೂ ಬಂದು ನೆಲವನ್ನು ಉತ್ತುಕೊಡಬೇಕು, ಅಲ್ಲಿಯವರೆಗೆ ಬೀಜ ಹಿಡಿದು ಕಾಯಬೇಕು. 1944ರ ವಸಂತದಲ್ಲಿಯೂ ಹೀಗೆಯೇ ಕಾದು ಬೇಸತ್ತಿದ್ದಾಗ ಆಕೆಯ ದೃಷ್ಟಿ ಆಸ್ಪರಾಗಸ್ ಸಾಲಿನ ಮೇಲೆ ಬಿದ್ದಿತು. ನಮ್ಮ ಹಳ್ಳಿಗಳಲ್ಲಿ ಹಲವು ಮಕ್ಕಳ ತಾಯಿಬೇರು ಎಂದು ಕರೆಯುವ ಶತಾವರಿಯ ಕುಲಕ್ಕೇ ಸೇರಿದ ಈ ತರಕಾರಿ, ಒಮ್ಮೆ ನೆಟ್ಟರೆ ವರ್ಷ ವರ್ಷವೂ ತಾನಾಗಿ ಚಿಗುರುತ್ತದೆ. ಇದಕ್ಕೆ ಉಳುಮೆ ಬೇಡವಾದರೆ ಬಟಾಣಿಗೆ ಮಾತ್ರ ಏಕೆ ಬೇಕು? ಆಕೆ ನೇಗಿಲಿನ ದಾರಿ ಕಾಯುವುದನ್ನು ಬಿಟ್ಟು ಬೀಜ ಹಾಕಿದಳು. ನೆಲದ ಮೇಲೆಲ್ಲ ಹುಲ್ಲು ಹರಡಿದಳು.

ಮೊದಲಿಗೆ ಕಳೆ ಹುಲ್ಲನ್ನು ತೂರಿ ಮೇಲೆದ್ದಿತು. ಹುಲ್ಲು ಸಾಲದೆಂಬುದೇ ಕಾರಣ. ಎಂಟು ಅಂಗುಲವಾದರೂ ದಪ್ಪವಿರಬೇಕೆಂಬುದು ಆಕೆ ಅನುಭವದಿಂದ ಕಂಡುಕೊಂಡ ಅಳತೆ. ಇಂತಹ ಹೊದಿಕೆಯನ್ನು ಇಂಗ್ಲಿಷಿನಲ್ಲಿ ಮಲ್ಚ್ ಎನ್ನುತ್ತಾರೆ. ನಾವು ಮುಚ್ಚಿಗೆ ಎನ್ನೋಣ.

ಈಗ ಈ ಮುಚ್ಚಿಗೆಯ ಅಡಿಯಲ್ಲಿ ನಡೆಯುವುದೇನೆಂಬುದನ್ನು ನೋಡೋಣ. ಬರಿಯ ನೆಲದಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕೆಲೊರಿ ಶಾಖ ಬೇಕು. ಅದನ್ನು ಒದಗಿಸುವವನು ಸೂರ್ಯ. ಎದ್ದ ಆವಿಯನ್ನು ಹೊತ್ತೊಯ್ಯುವುದು ಗಾಳಿ. ಮೇಲ್ಪದರ ಆರುತ್ತಿದ್ದಂತೆ ಕೆಳಗಿನ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಏರಿ ಬರುತ್ತದೆ. ಹುಲ್ಲು ಬಿಸಿಲನ್ನೂ ಗಾಳಿಯನ್ನೂ ಒಟ್ಟಿಗೇ ತಡೆಯುತ್ತದೆ. ಎಳೆಗಳ ನಡುವೆ ಸಿಕ್ಕಿದ ನಿಶ್ಚಲವಾದ ಗಾಳಿ ಶಾಖವನ್ನು ಸುಲಭವಾಗಿ ಕೆಳಗೆ ಬಿಡದು. ಮಳೆಯ ವಿಷಯದಲ್ಲಿಯೂ ಹಾಗೆಯೇ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಆ ಹೊಡೆತಕ್ಕೆ ಮಣ್ಣಿನ ಹರಳು ಒಡೆದು, ನುಣ್ಣನೆಯ ಧೂಳು ರಂಧ್ರಗಳನ್ನು ಮುಚ್ಚಿ, ಮೇಲೆ ಹೆಪ್ಪುಗಟ್ಟುತ್ತದೆ. ನೀರು ಇಂಗದೆ ಹರಿದುಹೋಗುತ್ತದೆ. ಹುಲ್ಲಿನ ಮೇಲೆ ಬಿದ್ದ ಹನಿಯಾದರೋ ತನ್ನ ರಭಸ ಕಳೆದುಕೊಂಡು ತೊಟ್ಟಿಕ್ಕುತ್ತದೆ.

ಕಳೆಯ ಬೀಜ ಅತಿ ಚಿಕ್ಕದು. ಅದರಲ್ಲಿ ಕೂಡಿಟ್ಟ ಆಹಾರ ಎಂಟು ಅಂಗುಲ ಕತ್ತಲೆಯನ್ನು ದಾಟುವಷ್ಟಿರುವುದಿಲ್ಲ. ಗರಿಕೆ, ಕೊನ್ನಾರಿಗಡ್ಡೆಗಳ ಮಾತು ಬೇರೆ. ಅವುಗಳ ಉಗ್ರಾಣ ನೆಲದೊಳಗಿರುವುದರಿಂದ ಮುಚ್ಚಿಗೆಗೆ ಜಗ್ಗುವುದಿಲ್ಲ. ಅವನ್ನು ಮೊದಲೇ ಅಗೆದು ತೆಗೆಯಬೇಕು.

ಉಳುಮೆಯ ಕೆಲಸ ಎರೆಹುಳುವಿನ ಪಾಲಿಗೆ ಬರುತ್ತದೆ. ಡಾರ್ವಿನ್ ಸಾಯುವುದಕ್ಕೆ ಒಂದು ವರ್ಷ ಮುಂಚೆ, 1881ರಲ್ಲಿ, ಎರೆಹುಳುಗಳನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದನು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿದ ಮಣ್ಣು ಅವುಗಳ ದೇಹವನ್ನು ಹಾದುಹೋಗುತ್ತದೆಂದು ಆತನ ಲೆಕ್ಕ. ತಂಪು, ತೇವ, ಕೊಳೆಯುವ ಎಲೆ ಇವಿಷ್ಟು ಸಿಕ್ಕರೆ ಹುಳುವಿಗೆ ಕೂಲಿ ಬೇರೆ ಬೇಕಿಲ್ಲ.

ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕಾದ ತೊಡಕೊಂದಿದೆ. ಹುಲ್ಲನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳ ದೇಹದಲ್ಲಿ ಸಾರಜನಕ 1 ಭಾಗಕ್ಕೆ ಇಂಗಾಲ ಸುಮಾರು 8 ಭಾಗ. ತಿಂದ ಇಂಗಾಲದಲ್ಲಿ ಮೂರರಲ್ಲೊಂದು ಪಾಲು ಮಾತ್ರ ಅವುಗಳ ಮೈಗೆ ಹತ್ತುತ್ತದೆ. ಉಳಿದದ್ದು ಉಸಿರಾಗಿ ಹೊರಹೋಗುತ್ತದೆ. ಆದುದರಿಂದ ಸಾರಜನಕ ಒಂದಕ್ಕೆ ಇಂಗಾಲ 24 ಇರುವ ಆಹಾರ ಅವುಗಳಿಗೆ ಸರಿಹೊಂದುತ್ತದೆ. ಗೋಧಿಯ ಹುಲ್ಲಿನಲ್ಲಾದರೋ ಒಂದಕ್ಕೆ ಸುಮಾರು 80. ಈ 80 ಭಾಗವನ್ನು ಜೀರ್ಣಿಸಿಕೊಳ್ಳಲು ಸಾರಜನಕ ಮೂರು ಭಾಗಕ್ಕೂ ಮಿಕ್ಕಿ ಬೇಕು, ಹುಲ್ಲಿನಲ್ಲಿರುವುದು ಒಂದೇ. ಕೊರತೆಯನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಇದಕ್ಕೆ ಪರಿಹಾರ, ಹುಲ್ಲನ್ನು ಮಣ್ಣಿನೊಳಕ್ಕೆ ಬೆರೆಸದೆ ಮೇಲೆಯೇ ಬಿಡುವುದು. ಆಗ ನೆಲಕ್ಕೆ ತಾಗಿದ ತೆಳುವಾದ ಪದರದಲ್ಲಿ ಮಾತ್ರ ಈ ಎಳೆದಾಟ ನಡೆಯುತ್ತದೆ. ರೂತ್ ಸ್ಟೌಟ್ ಹತ್ತಿಬೀಜದ ಅಥವಾ ಸೋಯಾ ಹಿಂಡಿಯ ಪುಡಿಯನ್ನೂ ಎರಚುತ್ತಿದ್ದಳು. ಅವೆರಡೂ ಸಾರಜನಕದ ಗಣಿಗಳು.

ಆಕೆಯ ವಿಧಾನವನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಆಕೆ ಹುಲ್ಲು ಹಾಸಿದ್ದು 14 ವರ್ಷ ಸಾಗುವಳಿ ಕಂಡ ನೆಲದ ಮೇಲೆ. ಬಂಡೆಯಂತೆ ಗಟ್ಟಿಯಾದ ಬೀಳುನೆಲದ ಮೇಲೆ ಹುಲ್ಲು ಹರಡಿ ಮರುತಿಂಗಳೇ ಬದನೆ ಕೊಯ್ಯುವೆನೆಂಬುದು ದುರಾಸೆ. ಅಲ್ಲದೆ ಕನೆಕ್ಟಿಕಟ್ಟಿನ ಚಳಿಯಲ್ಲಿ ಮುಚ್ಚಿಗೆ ನೆಲವನ್ನು ಬೇಗ ಬೆಚ್ಚಗಾಗಗೊಡದು. ಬಿತ್ತುವ ಸಾಲಿನಲ್ಲಿ ಹುಲ್ಲನ್ನು ಮುಂಚೆಯೇ ಸರಿಸಿ ಬಿಸಿಲು ತಾಗಿಸಬೇಕು. ಸಸಿ ಮೇಲೆದ್ದ ಬಳಿಕ ಮತ್ತೆ ಬುಡಕ್ಕೆ ಎಳೆಯಬೇಕು. ಚಿಪ್ಪಿಲ್ಲದ ಬಸವನಹುಳುಗಳಿಗೂ ಆ ತೇವ ಪ್ರಿಯವೇ. ಹುಲ್ಲನ್ನು ಕೊಂಡು ತರುವವರು ಈಗ ಇನ್ನೊಂದು ಎಚ್ಚರವನ್ನೂ ವಹಿಸಬೇಕಾಗಿದೆ: ಹುಲ್ಲುಗಾವಲಿಗೆ ಸಿಂಪಡಿಸುವ ಕೆಲವು ಕಳೆನಾಶಕಗಳು ಒಣಹುಲ್ಲಿನಲ್ಲಿ ಬಹುಕಾಲ ಉಳಿದು ಟೊಮ್ಯಾಟೊ ಮತ್ತು ಅವರೆಯ ಜಾತಿಯ ಗಿಡಗಳನ್ನು ಮುರುಟಿಸುತ್ತವೆ.

ನಮ್ಮಲ್ಲಿ ಈ ವಿದ್ಯೆ ಹೊಸದಲ್ಲ. ಮಲೆನಾಡಿನ ಅಡಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತಂದು ಮರದ ಬುಡಕ್ಕೆ ಹಾಸುವುದು ಹಳೆಯ ಪದ್ಧತಿ. ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಮಾತ್ರ ಒಣಹುಲ್ಲನ್ನು ಹುಡುಕಿಕೊಂಡು ಗೆದ್ದಲು ಬರುತ್ತದೆ. ಅಲ್ಲಿ ಗಿಡದ ಕಾಂಡದ ಸುತ್ತ ಗೇಣು ಜಾಗ ಬರಿದಾಗಿ ಬಿಡುವುದು ಲೇಸು.

ರೂತ್ ಸ್ಟೌಟ್ ತನ್ನ ವಿಧಾನವನ್ನು ವಿವರಿಸುವ ಮೊದಲ ಪುಸ್ತಕವನ್ನು ಪ್ರಕಟಿಸಿದ್ದು 1955ರಲ್ಲಿ. ತೊಂಬತ್ತು ದಾಟಿದ ಮೇಲೆಯೂ ಆಕೆ ತನ್ನ ತರಕಾರಿಯನ್ನು ತಾನೇ ಬೆಳೆದುಕೊಳ್ಳುತ್ತಿದ್ದಳು, 1980ರಲ್ಲಿ ತೀರಿಕೊಂಡಳು.

ಇದನ್ನು ಪರೀಕ್ಷಿಸಿ ನೋಡಲು ತೋಟ ಬೇಕಾಗಿಲ್ಲ. ಒಂದೇ ಅಳತೆಯ ಎರಡು ಹೂಕುಂಡಗಳಲ್ಲಿ ಸಮತೂಕದ ಒಣಮಣ್ಣು ತುಂಬಿ, ಸಮನಾಗಿ ನೀರು ಹಾಕಿರಿ. ಒಂದರ ಮೇಲೆ ನಾಲ್ಕು ಅಂಗುಲ ರಾಗಿಹುಲ್ಲು ಹಾಸಿ, ಎರಡನ್ನೂ ಬಿಸಿಲಿನಲ್ಲಿಡಿ. ಹತ್ತು ದಿನ, ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ, ಇಳಿದ ತೂಕವನ್ನು ಬರೆದಿಡಿ. ಮಧ್ಯಾಹ್ನ ಎರಡು ಗಂಟೆಗೆ ಎರಡು ಅಂಗುಲ ಆಳದಲ್ಲಿ ಉಷ್ಣಮಾಪಕವನ್ನಿಟ್ಟು ಶಾಖವನ್ನೂ ಗುರುತಿಸಿರಿ. ತೂಕದ ಗೆರೆಗಳೆರಡನ್ನು ಒಂದೇ ನಕ್ಷೆಯ ಕಾಗದದಲ್ಲಿ ಎಳೆದು, ಅವು ಯಾವ ದಿನದಿಂದ ಬೇರೆಯಾಗತೊಡಗುತ್ತವೆಂಬುದನ್ನು ನೋಡಿರಿ.